ನಮ್ಮ ಲೈನಿನ ಮೊದಲ ರಜೆ

ಸುದ್ದಿ ಸಿಕ್ಕಿದ್ದು ಬೆಳಗಿನ ಗಾರ್ಮೆಂಟ್ಸ್ ಬಸ್ಸಿನಲ್ಲಿ. ಭಾರತೀನಗರ ದಾಟುವಷ್ಟರಲ್ಲಿ ಯಾರದೋ ಮೊಬೈಲಿನಲ್ಲಿ ವಾರ್ತೆ ಬಂತು: ಮುಟ್ಟಿನ ನೋವಿಗೆ ತಿಂಗಳಿಗೊಂದು ದಿನ ರಜೆ, ಸಂಬಳ ಕಡಿತವಿಲ್ಲ, ಸರ್ಕಾರ ನಿಯಮ ಮಾಡಿದೆ. ಬಸ್ಸಿನ ತುಂಬ ಹೋ ಎಂಬ ಕೂಗು! ಏನೋ ಅನಾಹುತವಾಯಿತೆಂದು ಡ್ರೈವರ್ ಬ್ರೇಕ್ ಒತ್ತಿದ. ಏನೆಂದು ಕೇಳಿದರೆ, "ಏನಿಲ್ಲ, ನೀ ಓಡ್ಸಣ್ಣ" ಅಂದೆವು.

ಮದ್ದೂರಿನ ನಮ್ಮ ಫ್ಯಾಕ್ಟರಿಯ ಬೋರ್ಡಿನಲ್ಲೂ ನೋಟಿಸ್ ಅಂಟಿಸಿದರು. ಆದರೆ ಮೊದಲು ಕೇಳುವವರು ಯಾರು? ನಮ್ಮದು ಲೈನು ಕೆಲಸ. ನಾನು ಕಾಲರ್ ಹೊಲಿದು ಕೊಟ್ಟರೆ ಮುಂದಿನವಳು ತೋಳು ಕೂರಿಸಬೇಕು. ಒಂದು ಮಿಷನ್ ನಿಂತರೆ ಹಿಂದೆ ಬಟ್ಟೆ ಗುಡ್ಡೆ, ಮುಂದಿನವಳ ಕೈ ಖಾಲಿ. ಅದಕ್ಕೇ ಇಷ್ಟು ವರ್ಷ ಹಲ್ಲು ಕಚ್ಚಿ ಹೊಲಿದಿದ್ದೆವು. ತೀರಾ ತಡೆಯಲಾಗದಿದ್ದರೆ ಎಲ್ಲರದೂ ಒಂದೇ ಕಾಯಿಲೆ, ತಲೆನೋವು.

ಆ ತಿಂಗಳು ನನಗೆ ಕೂರಲೂ ಆಗದಷ್ಟು ನೋವು. ನಾನೂ ಹೆದರಿದರೆ ಈ ರಜೆ ಬೋರ್ಡಿನಲ್ಲೇ ಒಣಗುತ್ತದೆ ಅನ್ನಿಸಿತು. ಎದ್ದೆ. ಇಡೀ ಲೈನಿನ ಕಣ್ಣು ನನ್ನ ಬೆನ್ನ ಮೇಲೆ. ಸೂಪರ್‌ವೈಸರ್ ಮುಂದೆ ನಿಂತಾಗ ಬಾಯಿಂದ ಬಂದದ್ದು, "ಸಾರ್, ತಲೆನೋವು!"

"ಮಾತ್ರೆ ಇಸ್ಕಂಡು ಓಗಮ್ಮ."

ಮಾತ್ರೆ ಹಿಡಿದು ವಾಪಸು ಬಂದೆ. ನನ್ನ ಮೇಲೆ ನನಗೇ ಮೈಯೆಲ್ಲ ಉರಿಯಿತು. ಪಕ್ಕದ ಮಿಷನ್ನಿನ ಗೆಳತಿ ತಿವಿದಳು: "ಥೂ ನಿನ್ನ! ಸರ್ಕಾರವೇ ಕೊಟ್ಟೈತೆ ಕಣಮ್ಮಿ, ಕೇಳಕ್ಕೆ ನಿಂಗೇನ್ ಬಾಯಿ ಬಿದ್ದೋಗೈತಾ?"

ಮತ್ತೆ ಹೋದೆ. ಈ ಸಲ ಮಿಷನ್ನುಗಳ ಸದ್ದು ಮೀರಿಸಿ ಕೂಗಿಯೇಬಿಟ್ಟೆ: "ತಲೆನೋವಲ್ಲ ಸಾರ್, ಮುಟ್ಟಾಗಿವ್ನಿ. ರಜ ಬೇಕು!"

ಒಂದೊಂದೇ ಮಿಷನ್ ನಿಂತಿತು. ಸೂಪರ್‌ವೈಸರ್ ನೆಲ ನೋಡುತ್ತಾ, "ಆಯ್ತು, ಓಗಮ್ಮ. ಸಂಬಳ ಇಡಿಯಾಕಿಲ್ಲ ಬುಡು" ಅಂದರು. ಚಪ್ಪಾಳೆಯೋ ಚಪ್ಪಾಳೆ! ಆ ಖುಷಿಗೆ ನನಗೆ ಒಂದು ಗಳಿಗೆ ನೋವೇ ಮರೆತುಹೋಯಿತು.

ದಾರ ಕತ್ತರಿಸುವ ಹೆಲ್ಪರ್ ಅಕ್ಕ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ನಮ್ಮ ಲೈನಿನಲ್ಲಿ ಅವಳೇ ಹಿರಿಯಳು. ಕತ್ತರಿ ಕೆಳಗಿಟ್ಟು ಕೇಳಿದಳು: "ನಂಗೆ ಮುಟ್ಟೇ ನಿಂತೋಗೈತೆ ಸಾರ್. ಇಷ್ಟ್ ವರ್ಸ ನೋವ್ ನುಂಗ್ಕಂಡು ಗೇದ್ನಲ್ಲ, ಆ ರಜಾನೆಲ್ಲ ಯಾರ್ ಕೊಟ್ಟಾರು?"

ಎಲ್ಲರೂ ಗೊಳ್ಳೆಂದು ನಕ್ಕರು. ಅವಳೂ ನಕ್ಕಳು, ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ನನ್ನ ಬ್ಯಾಗು ತಂದು ಕೈಗೆ ಕೊಟ್ಟಳು.

"ಓಗಮ್ಮಿ, ನನ್ ಪಾಲಿಂದೂ ನೀನೇ ಮಲಿಕೊ."