ಎಂಟನೇ ಹೋಳಿನ ಸೀರೆಯಂಚು

ಮೊನ್ನೆ ಚಿಗವ್ವ ಹೊಸ ನಾರಾಯಣಪೇಟೆ ಸೀರೆಯ ಮಡಿಕೆ ಬಿಚ್ಚಿದಾಗ ಗಂಜಿಯ ವಾಸನೆ ಬಂತು. ಉಳಿದವರಿಗೆ ಮದುವೆ ನೆನಪಾಯಿತು. ನನಗೆ ಕಂಪ್ಯೂಟರ್ ಸರ್ ನೆನಪಾದರು...

ತೆಲಂಗಾಣ ಬೇರೆ ರಾಜ್ಯವಾದ ವರ್ಷ ನಾನು ಏಳನೇ ಕ್ಲಾಸು. ಸರ್ ತಮ್ಮ ಮಗ್ಗದ ಮನೆಯ ಮುಂಗೋಣೆಯಲ್ಲಿ ಕಲಿಸುತ್ತಿದ್ದರು. ಒಳಗೆ ಮಗ್ಗ ಬಡಿದರೆ ಹೊರಗೆ ಕೀಬೋರ್ಡ್ ತಾನೇ ಒಂದಕ್ಷರ ಒತ್ತಿಕೊಳ್ಳುತ್ತಿತ್ತು. ಇದರಲ್ಲಿ ಅರ್ಧ ಸತ್ಯ. ಹನ್ನೆರಡು ಮಕ್ಕಳಿಗೆ ಒಂದೇ ಯಂತ್ರ, ಅದರಲ್ಲಿ ವಿಂಡೋಸ್ ಬದಲು ಲಿನಕ್ಸ್. ಅದು ಮೊದಲ ಡಿಸ್ಕಿಗೆ ಎಸ್‌ಡಿಎ ಎಂದು ಹೆಸರಿಟ್ಟು, ಡಿಸ್ಕಿನ ಜಾಗವನ್ನು ಹೋಳು ಮಾಡಿದರೆ ಒಂದೊಂದು ಹೋಳಿಗೂ ಆ ಹೆಸರಿನ ಬೆನ್ನಿಗೆ ನಂಬರು ಹಚ್ಚುತ್ತದೆ. ನಮ್ಮದರಲ್ಲಿ ಒಂದು ದೊಡ್ಡ ಹೋಳಿನ ಒಳಹೋಳುಗಳು ಎಸ್‌ಡಿಎ ಐದರಿಂದ ಎಂಟರವರೆಗೆ. ಎಂಟರಲ್ಲಿ ಸರ್ ತಮ್ಮ ತಂದೆ ನೇಯುತ್ತಿದ್ದ ಅಂಚುಗಳನ್ನೆಲ್ಲ ಚೌಕ ಚೌಕವಾಗಿ ಬಿಡಿಸಿಟ್ಟಿದ್ದರು. ತಂದೆಯ ಕೈ ನಡುಗಲು ಶುರುವಾಗಿತ್ತು. ಬೇರೆಲ್ಲೂ ಅವುಗಳ ನಕಲಿರಲಿಲ್ಲ.

ಡಿಸ್ಕನ್ನೆಲ್ಲ ಹೋಳುಗಳೇ ಹಿಡಿದಿದ್ದವು, ಹೊಸದಕ್ಕೆ ಜಾಗವಿರಲಿಲ್ಲ. "ಐದು, ಏಳು ಖಾಲಿ ಅದಾವು. ಐಜ ಊರಿಗೆ ಹೋಗಿ ಬಂದು ಅಳಿಸಿ ತೆಗೀತೀನಿ. ಯಾರೂ ಮುಟ್ಟಬ್ಯಾಡ್ರಿ" ಎಂದು ಸರ್ ಬಸ್ಸಿಗೆ ಹೊರಟರು. ಆ 'ಯಾರೂ' ಎಂಬುದರಲ್ಲಿ ನಾನಿದ್ದೇನೆಂದು ನನಗೆ ಅನಿಸಲಿಲ್ಲ. ಪಾಸ್‌ವರ್ಡು ಗೋಡೆಯ ಮೇಲೇ ಸೀಮೆಸುಣ್ಣದಲ್ಲಿತ್ತು. ಹನ್ನೊಂದು ಮಂದಿಯ ಎದುರು ಬೆರಳ ನೆಟಿಗೆ ಮುರಿದು ಐದನ್ನು ತೆಗೆದೆ. ಆಮೇಲೆ ಏಳನ್ನು ತೆಗೆದೆ. ಚಪ್ಪಾಳೆ ಬಿತ್ತು.

ಸಂಜೆ ಸರ್ ಪರದೆ ನೋಡಿ ಕೇಳಿದರು, "ಏನವ್ವಾ, ಐದು ತೆಗೆದ ಮ್ಯಾಗ ನಂಬರ್ ನೋಡಿದೇನು?"

"ಯಾಕ್ರಿ ಸರ್?"

"ಐದು ಹೋದ್ರ ಹಿಂದಿನವೆಲ್ಲಾ ಒಂದೊಂದು ಮುಂದಕ್ಕ ಸರೀತಾವು. ಎಂಟು ಏಳಾಗತೈತಿ. ನೀ ತೆಗೆದ ಏಳು ಯಾವುದು?"

ಒಳಗೆ ಮಗ್ಗ ನಿಂತಿತು. "ಏನಾತೋ?" ಎಂದು ತಂದೆಯ ದನಿ.

"ಏನಿಲ್ಲಪ್ಪ" ಎಂದರು ಸರ್.

"ಕರೆಂಟ್ ಹೋಗಿತ್ರಿ ಸರ್" ಎಂದೆ ನಾನು.

"ಎಂಟನ್ನಷ್ಟೇ ಆರಿಸಿ ಒಯ್ದೈತಿ. ಭಾಳ ಶಾಣ್ಯಾ ಕರೆಂಟ್."

ಆಮೇಲೆ ಎಳೆಗಳ ಲೆಕ್ಕ ಬರೆಯುತ್ತಿದ್ದ ನೋಟ್‌ಬುಕ್ ತೆಗೆದರು. ಹಿಂದಿನ ಹಾಳೆಯಲ್ಲಿ ಒಂದೊಂದು ಹೋಳೂ ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ ಎಂಬುದಿತ್ತು. "ಹೋಳಿನ ಗೆರಿ ಅಷ್ಟೇ ಅಳಿಸೈತಿ. ಅದರ ಮ್ಯಾಲ ಏನೂ ಬರೀಲಿಲ್ಲಂದ್ರ ಒಳಗಿಂದು ಹಂಗೇ ಇರತೈತಿ" ಎಂದು ಆ ಉದ್ದುದ್ದ ಅಂಕಿಗಳನ್ನು ನನ್ನ ಕೈಯಲ್ಲೇ ಒತ್ತಿಸಿದರು. ಮೂರು ಸಲ ಓದಿಸಿದರು. ಮೂರನೇ ಸಲ ನಾನು ಒಂದೊಂದು ಅಂಕಿಯ ಮೇಲೂ ಬೆರಳಿಟ್ಟು ಓದಿದೆ. ಇದು ಪೂರ್ತಿ ಸತ್ಯ. ಅಂಚುಗಳು ಒಂದೊಂದಾಗಿ ತೆರೆದುಕೊಂಡವು. ಮಗ್ಗ ಮತ್ತೆ ಬಡಿಯಿತು.

"ಇನ್ನ ಮ್ಯಾಗ ಹಿಂದಿನಿಂದ ತೆಗಿ. ಮೊದಲು ಏಳು, ಆಮ್ಯಾಲ ಐದು" ಎಂದರು. ಅಷ್ಟೇ.

ಸರ್ ತೀರಿಕೊಂಡು ಎರಡು ವರ್ಷವಾಯಿತು. ಮುಂಗೋಣೆಗೆ ಬೀಗ. ಚಿಗವ್ವನ ಸೀರೆಯಂಚು ಆ ಎಂಟನೇ ಹೋಳಿನದೇ ಎಂದು ಎಲ್ಲರೆದುರು ಖಡಾಖಂಡಿತ ಹೇಳಿದೆ. ನನಗೇ ಖಾತ್ರಿಯಿಲ್ಲ. ಕೇಳೋಣವೆಂದರೆ... ಆ ದಿನ ಕರೆಂಟ್ ಹೋಗಿರಲಿಲ್ಲ ಎಂದು ಹೇಳುವುದೂ ಉಳಿದೇ ಹೋಯಿತು.