ಎತ್ತಿಗಾಗಿ ಕಡಿದ ಹೊಸ್ತಿಲು

ನಮ್ಮ ದೊಡ್ಡಪ್ಪನನ್ನು ಊರೆಲ್ಲ ಧರ್ಮವಂತ ಎನ್ನುತ್ತಿತ್ತು. ಆ ಮಾತು ನೆನಪಾದರೆ ನನಗೆ ಇಂದಿಗೂ ಹೇಸಿಗೆಯಾಗುತ್ತದೆ.

ಎರಡನೆಯ ಮಹಾಯುದ್ಧ ನಡೆದಿದ್ದ ಕಾಲ. ಹಾನಗಲ್ಲಿನ ಹತ್ತಿರದ ಹಳ್ಳಿಯಲ್ಲಿ ನಮ್ಮ ಮನೆ. ನನಗಾಗ ಹದಿನಾಲ್ಕು. ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕಲು ಹೋದ ಅವ್ವ ನಿಚ್ಚಣಿಕೆಯಿಂದ ಬಿದ್ದು ಸೊಂಟ ಮುರಿದುಕೊಂಡಳು. ಚಿಕ್ಕೇರೂರಿನಿಂದ ಎಲುಬು ಕಟ್ಟುವವರು ಬಂದು ಹೋದರು. ಅವ್ವ ಮತ್ತೆ ಎದ್ದು ನಿಲ್ಲಲಿಲ್ಲ. ಅಂಗೈ ಊರಿ, ಮೈ ಎಳೆದುಕೊಂಡು ಮನೆಯೊಳಗೆ ಓಡಾಡುತ್ತಿದ್ದಳು. ಆದರೆ ಹಿತ್ತಲ ಬಾಗಿಲಿನ ಹೊಸ್ತಿಲು ಮೊಳದೆತ್ತರ. ಬಯಲಕಡೆಗೆಂದರೆ ನಾನೂ ಚಿಕ್ಕಪ್ಪನ ಹೆಂಡತಿ ಕಾಕುವೂ ಅವಳನ್ನು ಎತ್ತಿ ದಾಟಿಸಬೇಕಿತ್ತು. ಒಂದು ಮುಂಜಾನೆ ಎತ್ತುವಾಗ ನಾನು ಮುಖ ಸಿಂಡರಿಸಿದೆ. ಅವ್ವ ಅದನ್ನು ನೋಡಿದಳು. ಅಂದಿನಿಂದ ನೀರು ಕುಡಿಯುವುದನ್ನೇ ಬಿಡುತ್ತ ಬಂದಳು.

"ನಿಮ್ಮ ದೊಡ್ಡಪ್ಪಗ ಹೇಳವಾ, ಆ ಹೊಸ್ತಲಾ ಒಂದೀಟು ಕಡಸಾಕ. ನಾನ ಹೋಗಿ ಬರ್ತೇನಿ," ಎಂದಳು.

ಹೇಳಿದೆ. ದೊಡ್ಡಪ್ಪ ವಿಭೂತಿ ಹಚ್ಚಿಕೊಳ್ಳುತ್ತಿದ್ದವನು ಕೈ ಸಹ ನಿಲ್ಲಿಸಲಿಲ್ಲ. "ಹೊಸ್ತಲಾ ಅಂದ್ರ ಲಕ್ಷ್ಮಿ. ಲಕ್ಷ್ಮಿಗೆ ಕೊಡ್ಲಿ ಹಾಕ್ತಾರೇನ?" ಎಂದ. ಅಪ್ಪ ಪಕ್ಕದಲ್ಲೇ ಇದ್ದ. ಅಣ್ಣನ ಮುಂದೆ ಬಾಯಿ ಬಿಟ್ಟವನಲ್ಲ, ವಿಭೂತಿ ಗಟ್ಟಿ ಎತ್ತಿಕೊಂಡು ತಾನೂ ಹಚ್ಚಿಕೊಂಡ. ಶುಕ್ರವಾರ ಅದೇ ಹೊಸ್ತಿಲಿಗೆ ಅರಿಷಿಣ ಕುಂಕುಮ ಹಚ್ಚುವ ಪಾಳಿ ಅವ್ವನದೇ. ಕೂತಲ್ಲೇ ಕೂತು, ಒಡೆದ ತುಟಿಯಲ್ಲಿ, ಹಚ್ಚಿದಳು.

ತಿಂಗಳೊಪ್ಪತ್ತಿನಲ್ಲಿ ಹೊಲ ಹರಗುವಾಗ ಬಿಳಿ ಎತ್ತಿನ ಕಾಲಿಗೆ ಕುಂಟೆ ಬಡಿಯಿತು. ನಮ್ಮ ಕಡೆ ದನ ಕಟ್ಟುವುದು ಮನೆಯೊಳಗೇ, ತಲೆಬಾಗಿಲು ದಾಟಿದ ಕೂಡಲೇ. ಎತ್ತಿಗೆ ಹೊಸ್ತಿಲು ದಾಟಲು ಕಾಲು ಎತ್ತಲಾಗಲಿಲ್ಲ. ಸಂಜೆಯೊಳಗೆ ಬಡಿಗ ಬಂದ, ಹೊಸ್ತಿಲು ಕಡಿದ. ದೊಡ್ಡಪ್ಪ ತಾನೇ ಕಲ್ಲು ಹೊತ್ತು ಇಳಿಜಾರು ಮಾಡಿದ. "ಮೂಕಪ್ರಾಣಿ, ಪಾಪ," ಎಂದು ಕಣ್ಣು ಒರೆಸಿಕೊಂಡ.

"ಹಿತ್ತಲದ್ದೂ ಕಡಸ್ರಿ ದೊಡ್ಡಪ್ಪ," ಎಂದೆ.

"ಒಂದು ಹೊಸ್ತಲಾ ಹ್ವಾತು. ಮನ್ಯಾಗ ಉಳದದ್ದು ಅದೊಂದ. ಅದನ್ನೂ ಕಳೀಬೇಕೇನ?"

ಅವ್ವ ಎಲ್ಲ ಕೇಳಿಸಿಕೊಂಡಳು. ಮರುದಿನ ಮುಂಜಾನೆ ಪಡಸಾಲೆಯಿಂದ ಜಾರಿ, ದನಗಳ ನಡುವೆ ಸೆಗಣಿಯಲ್ಲಿ ಮೈ ಎಳೆದುಕೊಂಡು, ಎತ್ತಿನ ಇಳಿಜಾರಿನಲ್ಲಿ ತಲೆಬಾಗಿಲಿನಿಂದ ಬೀದಿಗಿಳಿದಳು. ಕಟ್ಟೆಯ ಮೇಲೆ ನಾಲ್ವರು ಹಿರಿಯರ ಜೊತೆ ದೊಡ್ಡಪ್ಪ ಕೂತಿದ್ದ. ಅವ್ವನ ಸೆರಗು ಕೂಡ ತಲೆಯ ಮೇಲೆ ನಿಂತಿರಲಿಲ್ಲ. ಯಾರ ಮುಖವನ್ನೂ ನೋಡದೆ ಮನೆ ಸುತ್ತಿ ಹಿತ್ತಲಿಗೆ ಹೋದಳು.

ಮಧ್ಯಾಹ್ನದೊಳಗೆ ಬಡಿಗ ಮತ್ತೆ ಬಂದು ಹಿತ್ತಲ ಹೊಸ್ತಿಲನ್ನೂ ಕಡಿದ. ದೊಡ್ಡಪ್ಪ ಅವನನ್ನು ಕರೆಸಿದ್ದು ಕರುಣೆಯಿಂದಲ್ಲ, ನಾಲ್ಕು ಮಂದಿ ನೋಡಿದರಲ್ಲ ಎಂಬ ನಾಚಿಕೆಯಿಂದ. ಲಕ್ಷ್ಮಿಯ ಮಾತು ಯಾರೂ ಎತ್ತಲಿಲ್ಲ. ತಮ್ಮನ ಹೆಂಡತಿಗಾಗಿ ಹೊಸ್ತಿಲನ್ನೇ ಕಡಿಸಿದ ಪುಣ್ಯಾತ್ಮ ಎಂದು ಊರು ಮತ್ತೆ ಅವನನ್ನೇ ಹೊಗಳಿತು. ಥೂ.

ಬಡಿಗ ಚಕ್ಕೆಗಳನ್ನು ಬಳಿದು ಎದ್ದ ಮೇಲೆ ಅವ್ವ ನನ್ನನ್ನು ಕರೆದಳು. "ಒಂದು ತಂಬಗಿ ನೀರು ತಾರವಾ."

ಗಟಗಟ ಕುಡಿದಳು. "ಇನ್ನೊಂದು," ಎಂದಳು. ಕೊಡುವಾಗ ಅವಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ.