‘ಬರ್ರಿ, ಕೂಡ್ರಿ’ ಅನ್ನುತ್ತಿದ್ದ ಗಿಣಿ

ಹೋದ ವಾರ ಸವಣೂರಿನ ಪೇಟೆಯಲ್ಲಿ ಎಲೆ ಮಾರುವವನೊಬ್ಬ ಬುಟ್ಟಿಯ ಮೇಲಿನ ಒದ್ದೆ ಗೋಣಿತಟ್ಟು ಸರಿಸಿದ. ಹಸಿ ವೀಳ್ಯದೆಲೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಅಲ್ಲೇ ನಿಂತುಬಿಟ್ಟೆ. ಎಲೆ ಅಂಗಡಿಯ ಕಾಕಾ ನೆನಪಾದರು. ಅವರಿಗಿಂತ ಮೊದಲು ಅವರ ಗಿಣಿ...

ಆಗ ಸವಣೂರಿನಲ್ಲಿ ನವಾಬರ ಆಳ್ವಿಕೆ. ನಾನಿನ್ನೂ ಲಂಗ ಉಡುವ ಹುಡುಗಿ. ಪಕ್ಕದ ಮನೆಯೇ ಕಾಕಾರದು, ಮನೆಯ ಮುಂಭಾಗವೇ ಅಂಗಡಿ. ಎಲೆ ಆರಿಸುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ, ಬಾಯಿ ಮಾತ್ರ ಹೊಲಿದಿಟ್ಟಂತೆ. ನಮ್ಮ ಕಡೆಯ ಜನ ಗೊತ್ತಲ್ಲ, ‘ಬರ್ರಿ, ಕೂಡ್ರಿ’ ಎನ್ನದ ಕಟ್ಟೆಯ ಮೇಲೆ ಬಂಗಾರ ಹಾಸಿದ್ದರೂ ಕೂರುವುದಿಲ್ಲ. ಅದಕ್ಕೇ ಕಾಕಾ ಒಂದು ಉಪಾಯ ಮಾಡಿದ್ದರು. ಬಾಗಿಲು ಹಾಕಿಕೊಂಡು, ನಾಚುತ್ತ ನಾಚುತ್ತ, ಒಂದು ಗಿಣಿಗೆ ಆ ಎರಡು ಮಾತು ಕಲಿಸಿದ್ದರು. ಅದು ‘ಬರ್ರೀ... ಕೂಡ್ರೀ!’ ಎಂದು ಎಳೆದು ಕೂಗುತ್ತಿತ್ತು. ಊರ ಗೌಡರಿಗೂ ಅದೇ ಮರ್ಯಾದೆ, ಎಲೆ ಕದಿಯಲು ಬರುವ ಆಡಿಗೂ ಅದೇ ಮರ್ಯಾದೆ.

ಹಿಂದಿನ ಸಂಜೆಯಷ್ಟೇ ಮೆಣಸಿನಕಾಯಿ ತಿಂದು ಗದ್ದಲ ಹಾಕಿದ್ದ ಗಿಣಿ ಒಂದು ಬೆಳಿಗ್ಗೆ ಪಂಜರದಲ್ಲಿ ಸೆಟೆದು ಬಿದ್ದಿತ್ತು. ಕಾಕಾ ಅದಕ್ಕೆ ವಿಭೂತಿ ಹಚ್ಚಿ ಹಿತ್ತಲಲ್ಲಿ ಮಣ್ಣು ಮಾಡಿದರು. ಅಂಗಡಿ ತೆರೆಯಲಿಲ್ಲ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ಅವ್ವ ರೊಟ್ಟಿ, ಝುಣಕ ಕಟ್ಟಿಕೊಂಡು ಹೊರಟಳು. ಅಪ್ಪ ನಕ್ಕ. “ಗಿಣಿ ಸತ್ತರ ಬುತ್ತಿ ಒಯ್ತಾರೇನ?”

“ಸತ್ತದ್ದು ಗಿಣಿ, ಖರೇರಿ. ಅಳಾಕತ್ತವ್ರು ಮನಷ್ಯಾರಲ್ಲೇನ್ರಿ?” ಎಂದಳು ಅವ್ವ.

ನಾಲ್ಕಾರು ದಿನದ ಮೇಲೆ ಅಂಗಡಿಯೇನೋ ತೆರೆಯಿತು. ಗಿರಾಕಿಗಳು ಬಂದರು, ಕಟ್ಟೆಯ ಮುಂದೆ ನಿಂತರು, ಕಾಲು ಬದಲಿಸಿದರು, ಎದುರಿನ ಅಂಗಡಿಗೆ ನಡೆದರು. ಬುಟ್ಟಿಬುಟ್ಟಿ ಎಲೆ ಹಳದಿಯಾಗತೊಡಗಿತು. ಹೀಗೇ ಆದರೆ ಕಾಕಾ ಅಂಗಡಿ ಮುಚ್ಚಬೇಕಾಗುತ್ತದೆ ಎಂದು ಓಣಿಯೆಲ್ಲ ಗುಸುಗುಸು. ಅವ್ವನಿಗೆ ತಡೆಯಲಾಗಲಿಲ್ಲ, ನನ್ನನ್ನೂ ಕರೆದುಕೊಂಡು ಅಂಗಡಿಗೇ ಹೋದಳು.

“ಬರ್ರಿ ಅನ್ನಾಕ ನಿಮಗೇನಾಗೇತ್ರಿ?”

ಕಾಕಾ ಹಳದಿಯಾದ ಎಲೆಯೊಂದನ್ನು ಆರಿಸಿ ಬದಿಗಿಟ್ಟರು. “ಅದು ಅದರ ಮಾತ್ರಿ, ಅಕ್ಕಾರ. ನಾ ಅಂದ್ನೆಂದ್ರ... ಅದು ಖರೇನ ಸತ್ತಂಗ ಆಕ್ಕೈತಿ.”

ಅವ್ವ ಮನೆಗೆ ಹೊರಡಲು ತಿರುಗಿದಳು.

ಆ ಹೊತ್ತಿಗೇ ಹಂಸಭಾವಿಯ ಕಡೆಯಿಂದ ವಯಸ್ಸಾದ ರೈತರೊಬ್ಬರು ಬಂದರು. ಮಗಳ ಮದುವೆಗೆ ಎಲೆ ಬೇಕಿತ್ತು. ಬಿಸಿಲಿಗೆ ಮುಖ ಕೆಂಪಾಗಿತ್ತು. ಗಿಣಿ ಸತ್ತದ್ದು ಅವರಿಗೆ ಗೊತ್ತಿಲ್ಲ. “ಎಲ್ರೀ, ನಮ್ಮನ್ನ ಮಾತಾಡಸಾಂವ ಕಾಣವಲ್ಲ?” ಎಂದು ನಗುತ್ತ, ಕರೆಗಾಗಿ ಕಾಯುತ್ತ, ಬಿಸಿಲಲ್ಲೇ ನಿಂತರು. ಕಾಲು ನಡುಗುತ್ತಿದ್ದವು. ಕಾಕಾ ಅವರ ಕಾಲು ನೋಡಿದರು, ಖಾಲಿ ಪಂಜರ ನೋಡಿದರು, ಮತ್ತೆ ಕಾಲು ನೋಡಿದರು.

“ಬರ್ರೀ... ಕೂಡ್ರೀ!”

ಥೇಟ್ ಗಿಣಿಯ ದನಿ! ಅದೇ ಎಳೆತ, ಅದೇ ಕೀರಲು. ಇಷ್ಟು ವರ್ಷ ಕೇಳಿ ಕೇಳಿ ಗುರುವಿಗೇ ಶಿಷ್ಯನ ರಾಗ ಹತ್ತಿಬಿಟ್ಟಿತ್ತು. ರೈತರು ಬೆಚ್ಚಿ, “ಎಲ್ಲಿ ಬಚ್ಚಿಟ್ಟೀರಿ ಅದನ್ನ?” ಎಂದು ಪಂಜರದ ಹಿಂದೆ ಬಗ್ಗಿ ಹುಡುಕಿದರು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಾನಂತೂ ಹೊಟ್ಟೆ ಹಿಡಿದುಕೊಂಡೆ. ಕಾಕಾರೂ ನಕ್ಕರು, ನಗುತ್ತ ನಗುತ್ತಲೇ ರುಮಾಲಿನಿಂದ ಕಣ್ಣು ಒರೆಸಿಕೊಂಡರು. “ಇವತ್ತ ಹೋತ್ ನೋಡ್ರಿ ಅದು,” ಎಂದರು ಅವ್ವನಿಗೆ.

ಮುಂದೆ ಎಷ್ಟೋ ವರ್ಷ ಅವರು ಹಾಗೆಯೇ ಕರೆದರು. ಅದನ್ನು ಕೇಳಲೆಂದೇ ಶಿಗ್ಗಾಂವದವರೂ ಎಲೆಗೆ ಬರುತ್ತಿದ್ದರು. ಸ್ವಂತ ದನಿಯಲ್ಲಿ ಯಾಕೆ ಕರೆಯುವುದಿಲ್ಲವೆಂದು ನಾನೊಮ್ಮೆ ಕೇಳಿದ್ದೆ. “ನನ್ನ ದನಿಗೆ ಯಾರ ಕುಂತಾರವಾ?” ಎಂದಿದ್ದರು.

ಕಾಕಾ ಹೋಗಿ ಯಾವ ಕಾಲವಾಯಿತೋ... ಆ ಅಂಗಡಿಯೂ ಇಲ್ಲ, ಆ ದನಿ ಮತ್ತೆಲ್ಲೂ ಕೇಳಲಿಲ್ಲ.

“ಎಷ್ಟ್ ಎಲಿ ಬೇಕ್ರಿ?” ಎಂದ ಹೋದ ವಾರದ ಆ ಮಾರುವವನು. ಅವನ ಪಕ್ಕದ ಕಟ್ಟೆ ಖಾಲಿಯಿತ್ತು, ನನಗೂ ಮಂಡಿನೋವು. ಅವನ ಮುಖ ನೋಡುತ್ತ ತುಸು ಹೊತ್ತು ಕಾದೆ. ಪಾಪ, ಅವನಿಗೇನು ಗೊತ್ತು. ನಿಂತುಕೊಂಡೇ ಎಲೆ ತೆಗೆದುಕೊಂಡು ಬಂದೆ.